ರೌಟರಿನಲ್ಲಿ ನನಗೇ ಮೊದಲ ಮಣೆ

ವಯಸ್ಸಾದಂತೆ ನಾಚಿಕೆ ಕಡಿಮೆಯಾಗುತ್ತದೆ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ನನಗಂತೂ ಐವತ್ತೊಂದು ತುಂಬಿದ ಮೇಲೆಯೇ ಅದು ಸರಿಯಾಗಿ ಶುರುವಾಯಿತು. ಸುತ್ತಿ ಬಳಸುವುದೇಕೆ, ಹೇಳಿಯೇ ಬಿಡುತ್ತೇನೆ: ನಾನು ಮೊಬೈಲಿನಲ್ಲಿ ಬಂದೂಕಿನ ಆಟ ಆಡುತ್ತೇನೆ. ವಾಡಿಯ ಸಿಮೆಂಟು ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿರುವವನು, ದಿನಾ ಬೆಳಿಗ್ಗೆ ಬಿಪಿ ಮಾತ್ರೆ ನುಂಗುವವನು, ಮದುವೆ ಮನೆಗಳಲ್ಲಿ ಪಂಕ್ತಿಗೆ ಕಾಯುತ್ತ ಕೂತಾಗ ಮೊಬೈಲಿನಿಂದ ಮಂದಿ ಹೇಗೆ ಕೆಟ್ಟರು ಎಂದು ಪುಕ್ಕಟೆ ಭಾಷಣ ಬಿಗಿಯುವವನು, ಸಂಜೆ ಏಳರಿಂದ ಎಂಟರವರೆಗೆ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕಂಡಕಂಡವರ ಮೇಲೆ ಗುಂಡು ಹಾರಿಸುತ್ತೇನೆ. ನನ್ನ ತಂಡದಲ್ಲಿ ನಮ್ಮ ಆಫೀಸಿನ ಸಾಹೇಬರೂ ಇದ್ದಾರೆ. ಅವರಿಗೆ ಜೊತೆ ಬೇಕಿತ್ತು, ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಸಾಹೇಬರು ರಜೆ ಹಾಕಿ ಊರಿಗೆ ಹೋದಾಗಲೂ ನಾನು ಆಡುತ್ತೇನೆ.

ಅದೇ ಏಳು ಗಂಟೆಗೆ ನಮ್ಮ ಪಡಸಾಲೆಯಲ್ಲಿ ಇನ್ನೊಂದು ಕೆಲಸ ನಡೆಯುತ್ತದೆ. ನನ್ನ ಹೆಂಡತಿ ಮಲ್ಲಮ್ಮ ಆನ್‌ಲೈನಿನಲ್ಲಿ ಕೌದಿ ಹೊಲಿಯುವುದನ್ನು ಕಲಿಸುತ್ತಾಳೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಹೋಗುವ ಈ ಕೆಲಸ ಚಿಂಚೋಳಿಯ ತನ್ನ ಅವ್ವನಿಂದ ಅವಳಿಗೆ ಬಂದದ್ದು. ಸೇಡಂ, ಚಿತ್ತಾಪುರ, ಸೊಲ್ಲಾಪುರ, ಹೈದರಾಬಾದು ಎಂದು ಹದಿನಾಲ್ಕು ಹೆಣ್ಣುಮಕ್ಕಳು ಸೇರಿದ್ದರು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಮಲ್ಲಮ್ಮ ತನ್ನದೇ ಎಂದು ಹೇಳಿಕೊಂಡದ್ದು ಇದೊಂದನ್ನೇ. ಏಳಕ್ಕೆ ಹತ್ತು ನಿಮಿಷ ಇರುವಾಗಲೇ ಒಗೆದ ಸೀರೆ ಉಟ್ಟು, ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಕೂತುಬಿಡುತ್ತಿದ್ದಳು.

ನಮ್ಮದು ಶಹಾಬಾದು ಕಲ್ಲಿನಿಂದ ಕಟ್ಟಿದ ಮನೆ. ಬೇಸಿಗೆಯ ಕಾವನ್ನೇ ಒಳಗೆ ಬಿಡದ ಗೋಡೆಗಳು ಹಳೆಯ ನೆಟ್ಟಿನ ಡಬ್ಬಿಯ ಸಿಗ್ನಲ್ಲನ್ನು ಬಿಡುತ್ತವೆಯೇ? ಆಟದಲ್ಲಿ ನಾನು ಗುಂಡು ಹಾರಿಸುವಷ್ಟರಲ್ಲಿ ಸತ್ತಿರುತ್ತಿದ್ದೆ. ನಾವು ಒತ್ತಿದ್ದು ಹೋಗಿ ತಿರುಗಿ ಬರಲು ಹಿಡಿಯುವ ಹೊತ್ತಿಗೆ ಪಿಂಗ್ ಎನ್ನುತ್ತಾರಂತೆ. ನನ್ನ ಪಿಂಗು ಕಲಬುರಗಿಗೆ ಹೋಗಿ ಕೆಲಸ ಮುಗಿಸಿ ಬರುತ್ತಿತ್ತು. ಸಾಹೇಬರು ಒಮ್ಮೆ ಹಾಜರಿ ಪುಸ್ತಕದಿಂದ ತಲೆ ಎತ್ತದೆಯೇ, "ನೀವು ಜಲ್ದಿ ಸಾಯೋದ್ರಿಂದ ಟೀಮ್ ಹಾಳಾಗ್ಲಿಕತ್ತದ ನೋಡ್ರಿ" ಎಂದರು. ಆ ಭಾನುವಾರವೇ ಹೊಸ ರೌಟರು ತರಲು ಶಹಾಬಾದಿನ ಅಂಗಡಿಗೆ ಹೋದೆ.

ಅಂಗಡಿಯವನು, "ಯಾದಕ್ಕ ಬೇಕ್ರಿ?" ಎಂದ. "ಮನ್ಯಾಗ ಹೊಲಿಗಿ ಕ್ಲಾಸ್ ನಡೀತದ್ರಿ" ಎಂದೆ. ಅವನು ಎರಡು ಆಂಟೆನಾ ಕಡ್ಡಿಯ ಸಾದಾ ರೌಟರು ತೆಗೆದಿಟ್ಟ. ನನ್ನ ಕಣ್ಣು ಮೇಲಿನ ಹಲಗೆಯಲ್ಲಿದ್ದ ಆರು ಕಡ್ಡಿಯ ಕರಿ ರೌಟರಿನ ಮೇಲಿತ್ತು. ಪಿಂಗ್ ಎಷ್ಟು, ಗೇಮ್ ಮೋಡ್ ಇದೆಯೇ ಎಂದು ಕೇಳಿಯೂಬಿಟ್ಟೆ. ಅವನು ನನ್ನ ನರೆತ ಮೀಸೆಯನ್ನು ಒಮ್ಮೆ ನೋಡಿ, "ಹೊಲಿಗಿ ಭಾಳ ಜೋರ್ ಅದ ಅನಸ್ತದ್ರಿ" ಎಂದು ಕರಿಯದನ್ನೇ ಕಟ್ಟಿಕೊಟ್ಟ.

ಮನೆಗೆ ತಂದವನು ಮಾಡಿದ ಮೊದಲ ಕೆಲಸ ಅದನ್ನು ಕಬ್ಬಿಣದ ಅಲಮಾರಿಯಲ್ಲಿಟ್ಟದ್ದು. ನಗಬೇಡಿ. ನಮ್ಮ ಕಡೆ ಸಿಮೆಂಟಿನ ಧೂಳು ಎಂದರೆ ಮನೆಯ ಇನ್ನೊಬ್ಬ ಸದಸ್ಯ. ಮಿಕ್ಸರಿಗೆ ಅಂಗಿ, ಟಿವಿಗೆ ಸೀರೆಯ ತುಂಡು ಹೊದಿಸಿಯೇ ಬಾಳುವವರು ನಾವು. ಇಷ್ಟು ದೊಡ್ಡ ರೌಟರನ್ನು ಬಯಲಿಗಿಡಲು ಮನಸ್ಸು ಬರಲಿಲ್ಲ. ಅಲಮಾರಿಯ ಹಿಂದೆ ತೂತು ಕೊರೆಸಿ, ವೈರು ಎಳೆದು, ಮದುವೆಯ ರೇಷ್ಮೆ ಸೀರೆಗಳ ಪಕ್ಕದಲ್ಲಿಟ್ಟು ಬಾಗಿಲು ಹಾಕಿದೆ. ಇದ್ದ ಸಿಗ್ನಲ್ಲೂ ಹೋಯಿತು. ಎರಡು ದಿನ ಅಂಗಡಿಯವನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಮಾತಾಡಿದೆ. ಮೂರನೆಯ ದಿನ ಅವನು ಸಮಾಧಾನದಿಂದ, "ಎಲ್ಲಿ ಇಟ್ಟೀರಿ, ಅದರ ಫೋಟೋ ಕಳಸ್ರಿ" ಎಂದ. ಫೋಟೋ ಕಳಿಸಿದೆ. ಅವನು ಒಂದೇ ಸಾಲು ಬರೆದ: "ಕಬ್ಬಿಣದಾಗಿಂದ ಸಿಗ್ನಲ್ ಹೊರಗ ಬರಂಗಿಲ್ರಿ."

ಅಲಮಾರಿಯಿಂದ ತೆಗೆದು ಪಡಸಾಲೆಯ ಗೋಡೆಗೆ ಮೊಳೆ ಹೊಡೆದ ಮೇಲೆ ನೆಟ್ಟು ಬಂತು. ಇಲ್ಲಿಗೆ ನಿಲ್ಲಿಸಿದ್ದರೆ ನನ್ನದು ಬರೀ ಪೆದ್ದುತನವಾಗುತ್ತಿತ್ತು. ರೌಟರಿನ ಆ್ಯಪಿನಲ್ಲಿ ಮನೆಯ ಫೋನುಗಳೆಲ್ಲ ಸಾಲಾಗಿ ಕಾಣುತ್ತವೆ. ಯಾವುದನ್ನು ಮೇಲಕ್ಕೆ ಎಳೆಯುತ್ತೇವೋ ಅದಕ್ಕೆ ಮೊದಲು ನೆಟ್ಟು, ಮಿಕ್ಕದ್ದು ಮಿಕ್ಕವರಿಗೆ. ನಮ್ಮ ಮನೆತನದಲ್ಲಿ ಗಂಡಸರು ಉಂಡೆದ್ದ ಮೇಲೆ ಹೆಂಗಸರು ಕೂರುವುದು. ಉಳಿದರೆ ಪಲ್ಯ, ಇಲ್ಲದಿದ್ದರೆ ರೊಟ್ಟಿಗೆ ಬರೀ ಖಾರದಪುಡಿ. ಹುಟ್ಟಿದಾಗಿನಿಂದ ಅದನ್ನೇ ನೋಡಿದ ಕೈ ಮಲ್ಲಮ್ಮನ ಫೋನನ್ನು ಕೆಳಗೆ ತಳ್ಳಿ ನನ್ನದನ್ನು ಮೇಲೆ ಕೂರಿಸಿತು. ಅಂದು ಸಂಜೆ ನಾನು ಒಂದು ಸಲವೂ ಸಾಯಲಿಲ್ಲ.

ಅಂದಿನಿಂದ ಪಡಸಾಲೆಯ ಕಡೆಯಿಂದ ಬೇರೆ ಸದ್ದು ಕೇಳತೊಡಗಿತು. "ಅಕ್ಕಾ, ನಿಮ್ಮ ಕೈ ನಿಂತದ್ರಿ." "ಅಕ್ಕಾ, ಸೂಜಿ ಕಾಣವಲ್ದು." ಮಲ್ಲಮ್ಮ ಹೊಲಿಗೆ ಬಿಚ್ಚುವಳು, ಮತ್ತೆ ಹಾಕಿ ತೋರಿಸುವಳು. ಏನಾಗಿದೆ ನೋಡಿ ಎಂದು ನನ್ನನ್ನು ಕೇಳಿದಳು. ಕಾರಣ ಅದೇ ಗಳಿಗೆಯಲ್ಲಿ ನನಗೆ ಹೊಳೆಯಿತು. ಬಾಯಿಂದ ಬಂದದ್ದು ಮಾತ್ರ, "ನಿನ್ನ ಫೋನ್ ಹಳೀದಾಗ್ಯಾದ" ಎಂಬ ಮಾತು. ಅವಳು ನಂಬಿದಳು. ಈ ಮಾತನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಹದಿನಾಲ್ಕು ಜನ ಹನ್ನೊಂದಾದರು, ಆಮೇಲೆ ಎಂಟಾದರು. ನಾನು ಎಣಿಸುತ್ತಿದ್ದೆ, ಆಡುತ್ತಲೂ ಇದ್ದೆ.

ಒಂದು ಸಂಜೆ ಕ್ಲಾಸು ಮುಗಿಸಿ ಬಂದವಳು ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆಯೇ ಹೇಳಿದಳು: "ನಾಳಿಗಿ ಎಲ್ಲಾರಿಗೂ ಹೇಳಿ ಬಂದ್ ಮಾಡ್ತೀನ್ರಿ. ಹಳೀ ಫೋನಿಗಿ ನಂದು ಕೈ ಭಾಳ ಜೋರ್ ಆಗ್ತದೇನೋ ಅಂತ ಸಾವಕಾಶ ಮಾಡಿದೆ. ಆದ್ರೂ ಅವರಿಗಿ ತಿಳೀಲಿಲ್ಲ. ನಂಗ ಕಲಸ್ಲಿಕ್ಕಿ ಬರಂಗಿಲ್ಲ ಅನಸ್ತದ."

ಅವಳ ಅವ್ವನಿಂದ ಬಂದ ಕೈಯನ್ನು ನಾನು ಒಂದು ಆಟಕ್ಕಾಗಿ ಅನುಮಾನಕ್ಕೆ ಹಚ್ಚಿದ್ದೆ. ಮರುದಿನ ಡ್ಯೂಟಿಗೆ ಹೋಗುವ ಮುಂಚೆ ಆ್ಯಪು ತೆರೆದು ಅವಳ ಫೋನನ್ನು ಎಲ್ಲಕ್ಕಿಂತ ಮೇಲೆ ಎಳೆದೆ. "ಫೋನಿಂದು ಅಲ್ಲ, ರೌಟರಿಂದೇ ತಪ್ಪಿತ್ತು, ರಿಪೇರಿ ಮಾಡೀನಿ. ಇವತ್ತೊಂದಿನ ನೋಡು, ಆಮ್ಯಾಗ ಬೇಕಾದ್ರ ಬಂದ್ ಮಾಡು" ಎಂದೆ. ಸಂಜೆ ನನಗೆ ಹೊಟ್ಟೆನೋವು ಇರುತ್ತದೆ, ಆಟಕ್ಕೆ ಬರುವುದಿಲ್ಲ ಎಂದು ಸಾಹೇಬರಿಗೆ ಮಧ್ಯಾಹ್ನವೇ ತಿಳಿಸಿದೆ.

ಸಂಜೆ ಅವಳ ಸೂಜಿ ನಿಲ್ಲಲಿಲ್ಲ. ಒಳಕೋಣೆಯಲ್ಲಿ ಒಂದು ಗಂಟೆ ಕೂತು ಬರೀ ಅವಳ ದನಿಯನ್ನೇ ಕೇಳಿದೆ. ಎಷ್ಟು ಚಂದ ಕಲಿಸುತ್ತಾಳೆ ಎಂಬುದು ನನಗೆ ಗೊತ್ತಾದದ್ದೇ ಅಂದು. ಕೊನೆಗೆ ಕರೆದಳು: "ಇಲ್ಲಿ ಬರ್ರಿ, ನೀವೇ ರಿಪೇರಿ ಮಾಡೀರಿ ಅಂದೆ, ಎಲ್ಲಾರೂ ನಿಮ್ಮನ್ನ ನೋಡ್ಬೇಕಂತ." ಎಂಟು ಚೌಕಗಳಲ್ಲಿ ಎಂಟು ಹೆಣ್ಣುಮಕ್ಕಳು ಕೈ ಮುಗಿದರು. ಸೊಲ್ಲಾಪುರದ ಹಿರಿಯರೊಬ್ಬರು, "ನಿಮ್ಮಿಂದ ನಮ್ಮ ಕ್ಲಾಸ್ ಉಳೀತು ನೋಡ್ರಿ" ಎಂದರು. ಇನ್ನು ತಡೆಯಲಾಗಲಿಲ್ಲ. "ಇಲ್ರಿ ಅಕ್ಕಾರ, ತಪ್ಪು ನಂದೇ ಅದ. ಮೊದಲಿಂದ ನಂದೇ" ಎಂದೆ.

"ನೋಡ್ರಿ, ಎಂಥಾ ದೊಡ್ಡ ಮನಸು" ಎಂದು ಆ ಹಿರಿಯರು ಉಳಿದವರಿಗೆ ಹೇಳಿದರು. "ನಮ್ಮ ಮನ್ಯಾಗ ಫ್ಯಾನ್ ಕೆಟ್ರೂ ತಪ್ಪು ನನ್ನ ಮ್ಯಾಲೇ ಬರ್ತದ." ಎಲ್ಲರೂ ಹೌದೆಂದು ತಲೆಯಾಡಿಸಿದರು. ಮಲ್ಲಮ್ಮ ಸೆರಗು ಸರಿಮಾಡಿಕೊಂಡು, ಮದುವೆಯಾದ ಹೊಸದರಲ್ಲಿ ನೋಡುತ್ತಿದ್ದಂತೆ ನನ್ನನ್ನು ನೋಡಿದಳು. ಆಟಕ್ಕಾಗಿ ಅವಳ ಫೋನನ್ನು ಕೆಳಗೆ ತಳ್ಳಿದವನು ನಾನೇ ಎಂಬ ಎರಡನೆಯ ಮಾತು ಹೇಳಬೇಕಾದದ್ದು ಆಗ. ನಾನು ಹೇಳಲಿಲ್ಲ. ಪರದೆಯ ಮೂಲೆಯಲ್ಲಿ ಕೈ ಮುಗಿದು ನಿಂತ ನನ್ನದೇ ಮುಖ ಕಾಣುತ್ತಿತ್ತು. ಇದೊಂದು ಗಳಿಗೆಯಾದರೂ ನೆಟ್ಟು ಕಡಿದು ನಿಲ್ಲಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅದು ಕಣ್ಣು ಮಿಟುಕಿಸುವಷ್ಟೂ ನಿಲ್ಲಲಿಲ್ಲ. ಅಷ್ಟು ಚೆನ್ನಾಗಿ ಹೊಂದಿಸಿಬಿಟ್ಟಿದ್ದೆ.