ದೂರ ಹೊಂಟೀಯೇನು?

ನಮ್ಮ ಕಾಕಾ ಮನೆಯಿಂದ ಹೊರಟು, ಹೊರಟ ಊರನ್ನೇ ಮುಟ್ಟಿದ್ದು ನಾನಂತೂ ಕಂಡಿರಲಿಲ್ಲ! ಸೋಮಾರಿಯೇ? ಛೇ, ಛೇ! ಸೋಮಾರಿಯಾದವನು ಹೊರಡುವುದೇ ಇಲ್ಲ. ಕಾಕಾ ಹೊರಡುತ್ತಿದ್ದ. ಟೊಪ್ಪಿಗೆ ಝಾಡಿಸಿ, ಎಲೆ ಅಡಿಕೆ ಹಾಕಿಕೊಂಡು, ಲಗುಬಗೆಯಿಂದಲೇ ಹೊರಡುತ್ತಿದ್ದ. ಮುಟ್ಟುವುದು ಮಾತ್ರ ಬೇರೆ ಎಲ್ಲಿಗೋ.

ಇಳಕಲ್ಲಿನ ನಮ್ಮ ಮನೆಗೆ ಇಂಟರ್ನೆಟ್ ಬಂದ ರವಿವಾರ ಎಲ್ಲರೂ ಪಡಸಾಲೆಯಲ್ಲಿದ್ದೆವು. ಕಂಬಕ್ಕೆ ಒರಗಿ ಆಯಿ, ಅಂದರೆ ನಮ್ಮ ಅಜ್ಜಿ. ಮೊರದಲ್ಲಿ ಜೋಳ ಹಸನು ಮಾಡುತ್ತ ಕಾಕಾನ ಹೆಂಡತಿ, ಕಾಕು. ಅವಳ ಮಗಳು ಶೈಲಾ, ಬಿ.ಎ. ಕೊನೆಯ ವರ್ಷ, ಕೈಯಲ್ಲಿ ಪುಸ್ತಕ, ಕಣ್ಣು ಕಂಪ್ಯೂಟರಿನ ಮೇಲೆ. ಹುನಗುಂದದ ಶಾಲೆಯಲ್ಲಿ ಪಾಠ ಹೇಳಿ ವಾರವೆಲ್ಲ ಗಂಟಲು ಒಣಗಿಸಿಕೊಂಡು ಬಂದಿದ್ದ ನಾನು. ಹಿಂದಿನ ಕೋಣೆಯಲ್ಲಿ ನಮ್ಮಪ್ಪ ಸೀರೆ ನೇಯುತ್ತಿದ್ದ. ಅವನು ಕಾಣುತ್ತಿರಲಿಲ್ಲ, ಮಗ್ಗದ ಸದ್ದು ಕೇಳುತ್ತಿತ್ತು. ನಟ್ಟನಡುವೆ ಕಾಕಾ, ಲಗ್ನಪತ್ರಿಕೆ ತಯಾರಿಸುವ ತನ್ನ ಉದ್ಯೋಗಕ್ಕೆಂದು ತಂದ ಕಂಪ್ಯೂಟರಿನ ಮುಂದೆ.

ಫೋನಿನ ತಂತಿ ಸಿಕ್ಕಿಸಿದ ಕೂಡಲೇ ಯಂತ್ರ ಕೀರಲು ದನಿಯಲ್ಲಿ ಕಿರುಚಿತು.

"ಅದರ ಬಾಲಾ ತುಳದೀಯೇನು ನೋಡೋ," ಅಂದಳು ಆಯಿ.

ಕಾಕಾ ಎದ್ದು ನಿಂತು ಸಾರಿದ: "ಎಲ್ಲಾರೂ ಕೇಳ್ರಿ! ಇನ್ನ ನಾ ಎಲ್ಲೂ ಅಡ್ಡಾಡಾಂವಲ್ಲ. ಶೈಲಾನ ಲಗ್ನದ ಸೀರಿ ಅಂಚಿನ ನಕಾಶಿ ಇದರಾಗ ತಗದು ಮುಗಸ್ತೇನಿ. ಮುಗಿಯೂತನಾ ಕುರ್ಚಿ ಬಿಟ್ಟು ಏಳಾಂಗಿಲ್ಲ!"

ಎಲ್ಲರೂ ನಕ್ಕೆವು. ಒಳಗೆ ಮಗ್ಗದ ಸದ್ದೂ ಒಂದು ಗಳಿಗೆ ನಿಂತಿತು, ಅಪ್ಪನೂ ನಗುತ್ತಿರಬೇಕು.

ಯಾಕೆ ನಕ್ಕೆವು ಅಂತೀರಾ? ಆ ಅಂಚಿನ ಚಿತ್ತಾರದ ನಕಾಶೆ ಹುಟ್ಟಿದ ಕಥೆ ಕೇಳಿದರೆ ನೀವೂ ನಗುತ್ತೀರಿ. ಹಿಂದಿನ ತಿಂಗಳು ಕೆರೂರಿನಲ್ಲಿ ಶೈಲಾಳಿಗೆ ತಕ್ಕ ಗಂಡು ಇದೆ ಎಂದು ಸುದ್ದಿ ಬಂದಿತ್ತು. ಮನೆತನ ನೋಡಿ ಬರಲು ಕಾಕಾ ಹೊರಟ. ಬಾಗಲಕೋಟೆಯವರೆಗೆ ನೆಟ್ಟಗೆ ಹೋದ. ಅಲ್ಲಿ ಕೆರೂರಿನ ಮೇಲೆ ಹಾಯುವ ಬಸ್ಸನ್ನೂ ನೆಟ್ಟಗೇ ಹತ್ತಿದ. ಪಕ್ಕದಲ್ಲಿ ಕೂತವನು ಎಮ್ಮೆ ವ್ಯಾಪಾರಿ. ಹಲ್ಲು ನೋಡಿ ಎಮ್ಮೆಯ ವಯಸ್ಸು ಹೇಳುವುದು ಹೇಗೆ ಎಂಬ ಮಾತು ಬಂತು. ಮುಂದಿನ ಹಲ್ಲು ಮುಗಿದು ದವಡೆಗೆ ಬರುವಷ್ಟರಲ್ಲಿ ಕೆರೂರು ಹಿಂದೆ ಉಳಿದಿತ್ತು!

ಇಳಿದದ್ದು ಕುಳಗೇರಿ ಕ್ರಾಸಿನಲ್ಲಿ. ತಿರುಗಿ ಹೋಗುವ ಬಸ್ಸು ಎಲ್ಲಿತ್ತೋ, ಬಾದಾಮಿಯ ಬಸ್ಸು ಮಾತ್ರ ಕಣ್ಣೆದುರಿಗೆ ನಿಂತಿತ್ತು. ನಿಂತ ಬಸ್ಸಿಗೆ ಅವಮಾನ ಮಾಡುವುದು ಕಾಕಾನ ಸ್ವಭಾವದಲ್ಲೇ ಇಲ್ಲ. ಬಾದಾಮಿಯಲ್ಲಿ ಇಳಿದರೆ ಅಲ್ಲಿ ಪಟ್ಟದಕಲ್ಲಿನ ಬಸ್ಸು. ಅದು ಏನು ಪಾಪ ಮಾಡಿತ್ತು? ಅದನ್ನೂ ಹತ್ತಿದ. ಪಟ್ಟದಕಲ್ಲಿನ ಗುಡಿಯೊಂದರ ಗೋಡೆಯಲ್ಲಿ ಕಲ್ಲಿನ ಜಾಲರಿ ಕಿಟಕಿ. ಒಳಗಿನಿಂದ ನೋಡಿದರೆ ಬಿಸಿಲು ಅದರ ತೂತುಗಳಲ್ಲಿ ಹಾದು ನೆಲದ ಮೇಲೆ ಚೌಕ ಚೌಕವಾಗಿ ಬಿದ್ದಿತ್ತು. ಬಿಸಿಲು ಸರಿದಂತೆಲ್ಲ ಕಾಕಾನೂ ಸರಿಯುತ್ತ ಹೊತ್ತು ಮುಳುಗುವವರೆಗೆ ಅಲ್ಲೇ ಕೂತ. ಅತ್ತ ಕೆರೂರಿನವರು ಉಪ್ಪಿಟ್ಟು ಆರಿಸಿಕೊಂಡು ಕೂತಿದ್ದರು.

ಕಾಕಾ ಮನೆಗೆ ಬಂದಾಗ ಬಿಳಿ ಟೊಪ್ಪಿಗೆಯ ಸುತ್ತಲೂ ಬಾಲ್‌ಪೆನ್ನಿನ ಚಿತ್ತಾರ!

"ಗಂಡು ಹ್ಯಾಂಗ ಅದಾನ್ರಿ?" ಎಂದು ಕಾಕು ಬಾಗಿಲಲ್ಲೇ ಕೇಳಿದಳು.

"ಗಂಡು ಇರ್ಲಿ ತಗಿ! ಶೈಲಾನ ಲಗ್ನದ ಸೀರಿಗೆ ಅಂಚು ಸಿಕ್ಕೈತಿ ನೋಡು!" ಎಂದು ಟೊಪ್ಪಿಗೆ ತೆಗೆದು ಮುಂದೆ ಹಿಡಿದ.

"ಹಂಗಾರ ಅಂಚಿನ ಕೂಡೇ ಆಕಿ ಲಗ್ನಾ ಮಾಡಿಬಿಡ್ರಿ!"

ನನಗೆ ಮಾತ್ರ ಕುತೂಹಲ. ಇವನ ತಲೆಯೊಳಗೆ ನಡೆಯುವುದಾದರೂ ಏನು? ಕೇಳಿಯೇಬಿಟ್ಟೆ: "ಕಾಕಾ, ಹೊಂಟ ಕೆಲಸ ನಿನಗ ಮರತ ಹೋಗ್ತೈತೇನು?"

"ಮರಿಯೂದಿಲ್ಲವಾ. ಕೆಲಸ ಎಲ್ಲಿ ಓಡಿ ಹೋಗ್ತೈತಿ? ಅಲ್ಲೇ ಇರ್ತೈತಿ. ಹಾದ್ಯಾಗ ಸಿಕ್ಕಿದ್ದು ಮತ್ತ ಸಿಗತೈತೇನು?"

ಇಂಥವನ ಕೈಗೆ ಇಂಟರ್ನೆಟ್ ಕೊಟ್ಟರೆ? ಅದು ಇಳಕಲ್ಲಿಗೆ ಬರುವ ಮೊದಲೇ ಬಸ್ಸಿನಿಂದ ಬಸ್ಸಿಗೆ ಹಾರಿ ಅಭ್ಯಾಸ ಮಾಡಿಕೊಂಡಿದ್ದವನು! ಈಗ ಟಿಕೆಟ್ಟೂ ಬೇಡ. ಅಂಚಿಗೆ ಒಪ್ಪುವ ಕೆಂಪು ಬಣ್ಣ ಹುಡುಕಲು ಮುಂಜಾನೆ ಕೂತವನು, ಮಧ್ಯಾಹ್ನ ಊಟಕ್ಕೆ ಎದ್ದಾಗ ಪೆಂಗ್ವಿನ್ ಹಕ್ಕಿಯ ಸಂಸಾರದಲ್ಲಿ ಮುಳುಗಿದ್ದ.

"ತತ್ತಿಗೆ ಕಾವು ಕೊಡಾಂವ ಗಂಡಸ ಅಂತ! ತಿಂಗಳಗಟ್ಟಲೆ ನಿಂತಲ್ಲೇ ನಿಂದರತೈತಂತ, ಆ ಕಡೆ ಈ ಕಡೆ ಹೊಳ್ಳಾಂಗಿಲ್ಲ!"

"ಅದರ ಹೇಣ್ತಿ ಪುಣ್ಯವಂತಿ," ಎಂದು ಕಾಕು ರೊಟ್ಟಿ ಬಡಿಯುತ್ತ ಅಂದಳು. ಆ ರೊಟ್ಟಿಗೆ ಎಂದಿಗಿಂತ ಜೋರಾಗಿ ಪೆಟ್ಟು ಬಿತ್ತು.

ಹೀಗೆ ತಿಂಗಳು ಕಳೆದ ಮೇಲೆ ಕಾಕಾ ತನಗೆ ತಾನೇ ಒಂದು ಮೂಗುದಾರ ಕಂಡುಹಿಡಿದ. ಬ್ರೌಸರ್ ತೆರೆದ ಕೂಡಲೇ ಲೋಕದ ಸುದ್ದಿಯೆಲ್ಲ ತುಂಬಿದ ಪುಟ ಬರುತ್ತದಲ್ಲ, ಅದೇ ಕೇಡಿನ ಬಾಗಿಲು. ಅದರ ಬದಲು ತಾನೇ ಒಂದು ಪುಟ ಮಾಡಿ ಬಾಗಿಲಲ್ಲಿ ಕೂಡಿಸಿದರೆ? ಬಾಗಲಕೋಟೆಯಿಂದ ದಪ್ಪ ಪುಸ್ತಕ ತಂದು (ತರಲು ಹೋದದ್ದು ಪ್ರಿಂಟರಿನ ಮಸಿ), ಓದಿ, ಬಡಿದು, ತಿದ್ದಿ, ಕೊನೆಗೊಂದು ದಿನ ಎಲ್ಲರನ್ನೂ ಕರೆದ. ಪರದೆಯ ನಡುವೆ ದೊಡ್ಡ ಅಕ್ಷರ: "ಎಲ್ಲಿಗೆ ಹೊಂಟಿ?"

"ಏನಂತ ಬರದಾನವಾ?" ಎಂದು ಆಯಿ ನನ್ನನ್ನು ಕೇಳಿದಳು. ಓದಿ ಹೇಳಿದೆ. ಆಯಿ ಹೌಹಾರಿ ಎದ್ದು ಕೂತಳು.

"ಮನಿ ಹಾಳಾತು! ಹೊಂಟ ಮನಶಾಗ ಎಲ್ಲಿಗೆ ಅಂತ ಕೇಳ್ತಾರೇನೋ, ಖೋಡಿ? ಹೋದ ಕೆಲಸ ಆಗತೈತೇನು?"

ನಮ್ಮ ಕಡೆ ಹಾಗೆ ಕೇಳಬಾರದು, ನಿಮಗೂ ಗೊತ್ತಿರಬೇಕು. ಅಪಶಕುನ. ಆಯಿಯಂತೂ ಜನ್ಮದಲ್ಲಿ ಯಾರನ್ನೂ ಕೇಳಿದವಳಲ್ಲ. ತಿಳಿದುಕೊಳ್ಳುವ ಆಸೆಯಾದರೆ, ಹೊಸ್ತಿಲು ದಾಟುವವರ ಮುಖ ನೋಡಿ "ದೂರ ಹೊಂಟೀಯೇನು?" ಅನ್ನುತ್ತಿದ್ದಳು. ಹೇಳುವವರು ಹೇಳುತ್ತಿದ್ದರು, ಒಲ್ಲದವರು "ಇಲ್ಲೇ" ಎಂದು ನಡೆಯುತ್ತಿದ್ದರು.

"ಅವ್ವಾ, ಇದು ಮಿಶನ್ನು. ಇದಕ್ಕೆಲ್ಲಿ ಶಕುನ?" ಎಂದು ಕಾಕಾ ಅನ್ನುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ಮಾಡಿದ್ದೆಲ್ಲ ಅಳಿಸಿಹೋಯಿತು. ಆಯಿ ಸೆರಗು ಸರಿಮಾಡಿಕೊಂಡಳು, ಅಷ್ಟೇ.

ಎರಡನೆಯ ಪುಟದಲ್ಲಿ ಆಯಿಯ ಮಾತೇ ಬಂತು: "ದೂರ ಹೊಂಟೀಯೇನು?" ಕೆಳಗೆ ಎರಡು ಉತ್ತರ. "ಇಲ್ಲ, ಇಲ್ಲೇ ಅದೇನಿ" ಒತ್ತಿದರೆ ಅಂಚಿನ ನಕಾಶೆ ತೆರೆಯುತ್ತಿತ್ತು. "ಹೌದು" ಒತ್ತಿದರೆ ಕಾಕುವಿನ ಫೋಟೋ. ಯಾವುದೋ ಮದುವೆಯಲ್ಲಿ ಕ್ಯಾಮೆರಾದವನ ಮೇಲೆ ಸಿಟ್ಟಾದಾಗ ತೆಗೆದದ್ದು, ಪರದೆಯ ತುಂಬ!

"ಇದಕ್ಕ ಕೊಂಡಿ ಅಂತಾರವ್ವಾ. ಒಂದರಿಂದ ಇನ್ನೊಂದಕ್ಕ ಕೂಡಸ್ತೈತಿ," ಎಂದು ಕಾಕಾ ಆಯಿಗೆ ವಿವರಿಸಿದ.

"ನನಗ ಕೊಂಡಿ ಕಲಸ್ತೀಯೇನೋ? ಸೀರಿ ಒಡಲಿನ ಎಳಿಗೆ ಸೆರಗಿನ ಎಳಿ ಕೂಡಿಸಿ ಕೊಂಡಿ ಹಾಕ್ಕೋತ ಮುದುಕ್ಯಾಗೇನಿ. ನನ್ನ ಕೊಂಡಿಯಿಂದ ಸೀರಿ ಆತು. ನಿನ್ನ ಕೊಂಡಿಯಿಂದ ಏನಾತು?"

ಏನಾಯಿತು ಅಂದರೆ, ಪುಟ ಆಯಿತು! ನಕಾಶೆ ಹಾಗೇ ಉಳಿಯಿತು, ಪುಟ ಬೆಳೆಯಿತು. ಹಿನ್ನೆಲೆ ದಾಳಿಂಬರ ಕೆಂಪೋ, ನವಿಲಿನ ಬಣ್ಣವೋ ಎಂದು ಮನೆಯವರೆಲ್ಲ ಮತ ಹಾಕಬೇಕಾಯಿತು. ಮೂಲೆಯಲ್ಲೊಂದು ಗಡಿಯಾರ ಬಂತು. ಗಡಿಯಾರದ ಕೆಳಗೆ ಗುಬ್ಬಿ ಬಂತು. ಗುಬ್ಬಿ ಹಾರಬೇಕೋ ಕೂಡಬೇಕೋ ಎಂಬುದರಲ್ಲಿ ಒಂದು ವಾರ ಹಾರಿಹೋಯಿತು. ಅಂಚಿನ ಕೆಲಸದಿಂದ ಅಡ್ಡಹಾದಿ ಹಿಡಿಯಬಾರದೆಂದು ಮಾಡಿದ ಪುಟವೇ ಅಡ್ಡಹಾದಿಯಾದರೆ ಯಾರಿಗೆ ಹೇಳುವುದು? ಕಾಕುವಿನ ಸಿಟ್ಟಿನ ಫೋಟೋ ಕೂಡ ಉಪಯೋಗಕ್ಕೆ ಬರಲಿಲ್ಲ. "ನೋಡನೋಡತ ಚಂದ ಕಾಣಾಕತ್ತಾಳ," ಅಂದ ಕಾಕಾ. ಕಾಕು ಒಳಗೆ ಹೋಗಿ ಪಾತ್ರೆ ಸಪ್ಪಳ ಮಾಡಿದಳು. ಸಿಟ್ಟಿನ ಸಪ್ಪಳ ಅನ್ನಿಸಲಿಲ್ಲ.

ಈ ನಡುವೆ ಕೆರೂರಿನವರು ಫೋನ್ ಮಾಡಿ ಮಾಡಿ ಸೋತಿದ್ದರು. ಕಾಕಾ ಕಂಪ್ಯೂಟರಿನ ಮುಂದೆ ಕೂತಷ್ಟು ಹೊತ್ತೂ ನಮ್ಮ ಫೋನ್ ಎಂಗೇಜ್ ಅಲ್ಲವೇ? ಒಂದು ದಿನ ಅವರೇ ಬಸ್ಸು ಹತ್ತಿ ಬಂದರು.

"ನೀವು ಬರಲಿಲ್ಲ, ನಿಮ್ಮ ಫೋನೂ ಹತ್ತಲಿಲ್ಲ. ನಾವ ಬಂದಿವ್ರಿ," ಎಂದು ಹುಡುಗನ ತಂದೆ ನಕ್ಕರು. ಹುಡುಗ ಶೈಲಾಳನ್ನು ನೋಡಿದ, ಶೈಲಾ ಹುಡುಗನನ್ನು ನೋಡಿದಳು. ಪರೀಕ್ಷೆ ಮುಗಿದ ಮೇಲೆ ಲಗ್ನ ಎಂದು ನಿಕ್ಕಿಯಾಯಿತು.

ಅಂದು ಸಂಜೆ ಅಪ್ಪ ಮಗ್ಗದಿಂದ ಎದ್ದು ಬಂದು ತಮ್ಮನ ಮುಂದೆ ನಿಂತ. "ಯುಗಾದಿಯೊಳಗ ನಕಾಶಿ ನನ್ನ ಕೈಗೆ ಬಂದ್ರ ನಮ್ಮ ಮಗ್ಗದ ಸೀರಿ. ಬರಲಿಲ್ಲಂದ್ರ ಹುಡುಗಿ ಅಂಗಡಿ ಸೀರಿ ಉಟ್ಟು ಹಸಿಮಣಿ ಮ್ಯಾಲ ಕೂಡ್ತಾಳ. ನೇಕಾರರ ಮನಿ ಹುಡುಗಿ!"

"ಅಣ್ಣಾ, ಆತಂತ ತಿಳಿ!" ಅಂದ ಕಾಕಾ. ಮರುದಿನ ಗುಬ್ಬಿಗೆ ಜೊತೆಗೊಂದು ಹೆಣ್ಣು ಗುಬ್ಬಿ ಬಂತು.

"ಅಪ್ಪಾ, ಆ ಅಂಚು ನನ್ನ ಮಗಳ ಲಗ್ನಕ್ಕರ ಆಗತೈತೇನು?" ಎಂದು ಶೈಲಾ ನಗುತ್ತಲೇ ಕೇಳಿದಳು. ನಕ್ಕದ್ದು ಬಾಯಿ ಮಾತ್ರ. ಕಪಾಟಿನ ಮೇಲಿದ್ದ ಆ ಚಿತ್ತಾರದ ಟೊಪ್ಪಿಗೆಯನ್ನು ಅವಳು ಒಗೆಯಲು ಕೊಡದೆ ಇಷ್ಟು ದಿನ ಕಾಯ್ದುಕೊಂಡು ಬಂದದ್ದು ನನಗೆ ಗೊತ್ತಿತ್ತು.

ಮುಂದಿನ ರವಿವಾರ ಮುಂಜಾನೆ ನಾನು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದೆ. ಕಾಕಾ ಎಂದಿನಂತೆ ಬ್ರೌಸರ್ ತೆರೆದ. ತೆರೆದವನು ಪರದೆಗೆ ಮುಖ ಹತ್ತಿರ ತಂದ. ಇಣುಕಿ ನೋಡಿದೆ. ಗಡಿಯಾರ ಇರಲಿಲ್ಲ. ಗುಬ್ಬಿಗಳೆರಡೂ ಹಾರಿಹೋಗಿದ್ದವು. ಬಿಳಿ ಪರದೆಯ ನಡುವೆ ಆಯಿಯ ಪ್ರಶ್ನೆ: "ದೂರ ಹೊಂಟೀಯೇನು?" ಕೆಳಗೆ ಎರಡು ಉತ್ತರಗಳ ಜಾಗದಲ್ಲಿ ಒಂದೇ ಒಂದು: "ಹೌದಪ್ಪಾ. ಕೆರೂರಿಗೆ."

ತನ್ನ ಅಪ್ಪ ಪುಟ ತಿದ್ದುವುದನ್ನು ನೋಡಿ ನೋಡಿ ಶೈಲಾಳೂ ಕಲಿತಿದ್ದಳಲ್ಲ!

ಕಾಕಾ ಆ ಉತ್ತರವನ್ನು ಒತ್ತಿದ. ಅರ್ಧಕ್ಕೆ ನಿಂತ ನಕಾಶೆ ತೆರೆಯಿತು. ಬಗ್ಗಿ ಫೋನಿನ ತಂತಿಯನ್ನು ತಾನೇ ಕಿತ್ತ.

"ಇದು ಮಾತ್ರ ಅಲ್ಲೇ ಇರೂ ಕೆಲಸ ಅಲ್ಲ," ಅಂದ. ನನಗೆ ಹೇಳಿದನೋ, ತನಗೇ ಹೇಳಿಕೊಂಡನೋ ತಿಳಿಯಲಿಲ್ಲ. ಚಿತ್ತಾರ ಕಣ್ಣೆದುರಿಗೆ ಇರಲೆಂದು ಟೊಪ್ಪಿಗೆ ತರಿಸಿ ಕಂಪ್ಯೂಟರಿನ ತಲೆಗೇ ಹಾಕಿದ. ಕಾಕು ಇಟ್ಟ ಚಹಾ ಕೆನೆಗಟ್ಟಿತು. ಬಾಗಿಲಿಗೆ ಸ್ಟೇಷನರಿ ವ್ಯಾಪಾರಿ ಬಂದು, ಹೊಸ ನಮೂನೆಯ ಪೆನ್ನು ತೋರಿಸಿ, ಕಾಕಾ ಮಾತಾಡಲಿಲ್ಲವೆಂದು ಗಾಬರಿಯಾಗಿ "ಆರಾಮ ಅದಾರೇನ್ರಿ?" ಎಂದು ಆಯಿಯನ್ನು ಕೇಳಿ ಹೋದ. ಯುಗಾದಿಗೆ ಮೊದಲೇ ನಕಾಶೆ ಅಪ್ಪನ ಕೈ ಸೇರಿತು. ಅಪ್ಪ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಹೂಂ," ಅಂದ. ನಮ್ಮಪ್ಪನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಆ ಸೀರೆಗೆ ಕೊಂಡಿ ಹಾಕಿದವಳು ಆಯಿ.

ಲಗ್ನದ ದಿನ ದಾಳಿಂಬರ ಕೆಂಪು ಸೀರೆಯ ಅಂಚಿನುದ್ದಕ್ಕೂ ಪಟ್ಟದಕಲ್ಲಿನ ಕಿಟಕಿ, ಕಿಟಕಿಯೊಳಗೆ ಚೌಕ ಚೌಕ ಬಿಸಿಲು. ಬೀಗರು ಅಂಚು ಮುಟ್ಟಿ ಮುಟ್ಟಿ ನೋಡಿದರು. "ಇದೇನ್ರಿ, ಅವತ್ತ ಬರಬೇಕಾದಾವ್ರು ಹೋಗಿದ್ದು ಇಲ್ಲಿಗೇನು?" ಎಂದು ಹುಡುಗನ ತಂದೆ ಕೇಳಿದರು. ಕಾಕಾ ನಾಚಿಕೊಂಡ. ನಾನು ಅದನ್ನೂ ಮೊದಲು ಕಂಡಿರಲಿಲ್ಲ.

ಆ ವರ್ಷದ ನಾಗರಪಂಚಮಿಗೆ ಶೈಲಾಳನ್ನು ತವರಿಗೆ ಕರೆತರಬೇಕಿತ್ತು. ಯಾರು ಹೋಗಬೇಕು ಎಂದು ಅಪ್ಪ ಬಾಯಿ ತೆರೆಯುವ ಮೊದಲೇ ಕಾಕಾ ಟೊಪ್ಪಿಗೆ ಝಾಡಿಸಿದ. ಹೊಸ್ತಿಲಲ್ಲಿ ಆಯಿ ಅವನ ಮುಖ ನೋಡಿದಳು.

"ದೂರ ಹೊಂಟೀಯೇನೋ?"

"ಇಲ್ಲವ್ವಾ. ಇಲ್ಲೇ, ಕೆರೂರಿಗೆ."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಂಪ್ಯೂಟರನ್ನು ಆ ದಿನ ಯಾರೂ ಮುಟ್ಟಲಿಲ್ಲ. ಫೋನ್ ಖಾಲಿ ಇರಲಿ ಎಂದು. ಮಧ್ಯಾಹ್ನದ ಹೊತ್ತಿಗೆ ಗಂಟೆ ಬಾರಿಸಿತು. ಕಾಕು ಓಡಿ ಹೋಗಿ ಎತ್ತಿದಳು.

"ಮುಟ್ಟೇನಿ," ಅಂದ ಕಾಕಾ.