ಜಪಾನಿ ಚಾಪಿ ಹಾಸಿದ ಮನಿ

ಉಮರ್ಗಾದ ಬಜಾರದಾಗ ನಮ್ಮದು ಚಾಪಿ, ಗಾದಿ, ಜಮಖಾನದ ಅಂಗಡಿ. ಅಲ್ಲಿ ದಿನಾ ಒಂದಿಲ್ಲೊಂದು ಮಜಾ ನಡೀತಾನೇ ಇರ್ತದ. ಮನ್ಯಾಗ ಮಾತ್ರ ಏನೂ ನಡ್ಯಂಗಿಲ್ಲ, ಯಾಕಂದ್ರ ಅಲ್ಲಿ ನಾ ಒಬ್ಬಾಂವನೇ. ಆದ್ರ ಜಪಾನಿ ಚಾಪಿ ಬಂತು ನೋಡ್ರಿ, ಮನ್ಯಾಗೂ ಸುರು ಆತು.

೧. ಎಮ್ಮಿ ಪಸಂದ ಮಾಡಿದ್ದು

ಹೈದರಾಬಾದಿನ ವ್ಯಾಪಾರಿಯೊಬ್ಬ, ಯಾರೂ ತಗೊಳ್ಳಾರ್ದ ಜಪಾನಿ ಚಾಪಿ ನನ್ನ ಕೊರಳಿಗೆ ಕಟ್ಟಿದ. ಒಳಗ ಭತ್ತದ ಹುಲ್ಲು ಒತ್ತಿ ಗಾದಿಯಷ್ಟು ದಪ್ಪ ಮಾಡಿ, ಮ್ಯಾಲ ಹಸರ ಜೊಂಡು ನೇದು, ಅಂಚಿಗೆ ಅರಿವಿ ಹೊಲದಿರ್ತಾರ. ಜಪಾನದಾಗ ಮನಿ ತುಂಬ ಇದನ್ನೇ ಹಾಸ್ತಾರಂತ.

ಯೆಣೆಗೂರಿನ ರೈತನೊಬ್ಬ ಮೂಸಿ ನೋಡಿ ಒಂದು ಒಯ್ದ. ಮರುದಿನಾನೇ ವಾಪಸ್ ಬಂದ.

"ಸಾವಕಾರ್ರೇ, ಅಂಗಳದಾಗ ಬಿಸಲಿಗೆ ಇಟ್ಟಿದ್ದೆ. ಎಮ್ಮಿ ಅರ್ಧಾ ತಿಂತು."

ಜಗಳಕ್ಕ ಬಂದಾನಂತ ಹೆದರಿ, "ಎಮ್ಮಿ ಹೆಂಗದ?" ಅಂದೆ.

"ಅದಕ್ಕೇನಾಗ್ಯದ? ಈಗ ಜೋಳದ ಕಣಕಿ ಮುಟ್ಟವಲ್ದು. ಇನ್ನೊಂದ್ ಕೊಡ್ರಿ."

೨. ಮಾಮಾ ಏಳವಲ್ರು

ಉಳಿದ ಚಾಪಿ ಮನಿಗೆ ತಂದು ಪಡಸಾಲ್ಯಾಗ ಹಾಸಿದೆ. ಖರೇ ಹೇಳಬೇಕಂದ್ರ, ಹೊಸಾದು ನೋಡೋ ನೆಪಕ್ಕಾದ್ರೂ ಯಾರಾದ್ರೂ ಬರ್ಲಿ ಅಂತ. ಮನ್ಯಾಕಿ ತೀರಿಕೊಂಡ ಮ್ಯಾಲ ಈ ಮನ್ಯಾಗ ಯಾರೂ ಕೂಡವಲ್ರು. ಬಾಗಲದಾಗೇ ನಿಂತು "ಆರಾಮ ಇದ್ದೀರೇನ್ರೀ" ಅಂದು ಹೋಗ್ತಾರ. ಭಾಳ ಬ್ಯಾಸರಾಗ್ತದ.

ನಮ್ಮ ಗಲ್ಲ್ಯಾಗ ಒಬ್ಬ ರಿಟೈರ್ಡ್ ಕಂಡಕ್ಟರ್ ಮಾಮಾ ಇದ್ದಾರ. ಅವರು ಬಂದು, "ಕಾಯ್ ಹೋ, ಜಪಾನದಾಗ ಹೆಂಗ ಕೂಡ್ತಾರ?" ಅಂದ್ರು.

"ಮೊಣಕಾಲ ಮಡಚಿ, ಹಿಮ್ಮಡದ ಮ್ಯಾಲ."

ಹಂಗೇ ಕುಂತ್ರು. ಚಹಾ ಕೊಟ್ಟೆ, ಹೋಗ್ತೀನಿ ಅನ್ನವಲ್ರು. ಇನ್ನೊಂದ್ ಚಹಾ ಕೊಟ್ಟೆ, ಆದ್ರೂ ಏಳವಲ್ರು. ನನಗೋ ಹಬ್ಬ! ಹಳೇ ಮಾತೆಲ್ಲಾ ತಗದೆ. ಕಡೀಗೆ ಮಾಮಾ ಕಣ್ಣಾಗ ನೀರು ತಂದು, "ತಮ್ಮಾ, ಮಾತು ಆಮ್ಯಾಲ. ಮೊದ್ಲ ನನ್ನ ಎತ್ತು, ಕಾಲು ಸತ್ತಾವ" ಅಂದ್ರು.

೩. ಪಿಟ್ಲ-ರೊಟ್ಟಿ

ಮಂಚ, ಸೋಫಾದ ಕಾಲು ಊರಿ ಚಾಪಿ ಕೆಡ್ತದಂತ ಎಲ್ಲಾ ಕೈಗಾಡಿ ಮ್ಯಾಲ ಹೇರಿ ಅಂಗಡಿಗೆ ಕಳಿಸ್ದೆ. ಖಾಲಿ ಪಡಸಾಲ್ಯಾಗ, ಚಾಪಿ ಮ್ಯಾಲ, ಗ್ವಾಡಿಗೆ ಆತುಕೊಂಡು ಸುಮ್ನ ಕುಂತೆ. ನಮ್ಮ ಕಡೆ ಮಂಚ ಹೊರಗ ಹಾಕಿ ಬರೇ ಚಾಪಿ ಹಾಸೋದು ಸಾವಾದ ಮನ್ಯಾಗ. ಅದು ನನ್ನ ಲಕ್ಷದಾಗೇ ಬರ್ಲಿಲ್ಲ.

ಮೊದ್ಲ ಬಾಜೂ ಮನಿ ವೈನಿ ಬಂದ್ರು. ಕೈಯಾಗ ಸಾವಾದ ಮನಿಗೆ ಒಯ್ಯೋ ಕಡ್ಲಿಹಿಟ್ಟಿನ ಪಿಟ್ಲ-ರೊಟ್ಟಿ ಡಬ್ಬಿ, ಕಣ್ಣಿಗೆ ಸೆರಗು. ಹಿಂದ ಗಲ್ಲಿಗೆ ಗಲ್ಲೀನೇ ಬಂತು. ಇಂಥಾ ಮನ್ಯಾಗ ಬಂದಕೂಡ್ಲೆ ಯಾರು ಹೋದ್ರಂತ ಕೇಳೋ ರೂಢಿ ಇಲ್ಲ. ಎಲ್ಲಾ ಗೊತ್ತಿದ್ದವರಂಗ ಕುಂತು ಅಳಲತ್ರು.

ಡಬ್ಬಿ ನೋಡಿದ್ದೇ ನನಗ ತಿಳೀತು. ಹೇಳಬೇಕಂದೆ, ಬಾಯೇ ಬರ್ಲಿಲ್ಲ. ಹೇಳಿದ್ರ ಎಲ್ಲಾರೂ ಎದ್ದು ಹೋಗ್ತಾರಲ್ಲ! ಎಷ್ಟೋ ದಿನಕ್ಕ ಮನಿ ತುಂಬಿತ್ರೀ.

ಕಡೀಗೆ ವೈನಿ ಮೆಲ್ಲಗ ಕೇಳಿದ್ರು: "ಯಾರ್ರೀ ಭಾವೂಜಿ, ಹೋದವರು?"

"ಯಾರೂ ಇಲ್ರೀ ವೈನಿ. ಚಾಪಿ ಹೊಸಾದು, ಅದಕ್ಕ ಮಂಚ ತಗದೆ. ಸಾಯ್ಲಾಕ ಈ ಮನ್ಯಾಗ ನಾ ಒಬ್ಬಾಂವನೇ ಉಳದೀನಿ."

ಎಲ್ಲಾರಕಿಂತ ಜೋರಾಗಿ ಅತ್ತ ಅಜ್ಜಿ ಸಿಟ್ಟಿಗೆದ್ದು, "ಹಂಗಾರ ನಾ ಇಷ್ಟೊತ್ತು ಅತ್ತದ್ದು ದಂಡಾ?" ಅಂದಳು.

ವೈನಿ ಮೂಗು ಒರಸ್ಕೊಂಡು, ಡಬ್ಬಿ ಬಿಚ್ಚಿ ಎಲ್ಲರ ನಡಕ್ಕ ಇಟ್ರು.

"ದಂಡ ಯಾಕಾಗ್ತದ್ರೀ ಅಜ್ಜಿ? ಇವರ ಸಲುವಾಗಿ ಮುಂಗಡ ಅತ್ತಂಗಾತು. ಈಗ ಸರೀರಿ, ಇವರ ಜೋಡಿ ಕುಂತು ಉಣೂಣು."