ಹತ್ತನೇ ತರಗತಿಯವರ ಎದುರು ಕೌಂಟ್‌ಡೌನ್ ನಡೆಸದಿರುವ ಬಗ್ಗೆ

ವಸತಿಗೃಹ ನಿವಾಸಿಗಳ ಸಮಿತಿ (ಮನೋಬಲ ವಿಭಾಗ)
ಪಟ್ಟಂ, ತಿರುವನಂತಪುರಂ

ಸಂಖ್ಯೆ: ವನಿಸ/ಮನೋಬಲ/07
ದಿನಾಂಕ: ನಿಯಮ 2ರ ಕಾರಣ ನಮೂದಿಸಿಲ್ಲ

ವಿಷಯ: ಹದಿಹರೆಯದ ವಿದ್ಯಾರ್ಥಿಗಳ ಭಯ, ಆತ್ಮವಿಶ್ವಾಸ ಹಾಗೂ ಅಂಕಗಳ ಸಂಬಂಧ.
ಉಲ್ಲೇಖ: ಬಿ-4ರ ಕುಮಾರಿ ಮಹತಿಯ ಮನವಿ (ನೋಟ್‌ಬುಕ್ಕಿನ ಹರಿದ ಹಾಳೆ).

ಮಕರ ಮಾಸ ಮುಗಿಯುತ್ತ ಬಂದಿದ್ದು, ಹಿತ್ತಲ ಹಲಸಿನ ಮರದಿಂದ ಗುಜ್ಜೆ (ಎಳೆಯ ಹಲಸಿನಕಾಯಿ) ಇಳಿಸುವ ಕೆಲಸ ಬೆಳಗಿನಿಂದ ನಡೆದಿದೆ. ಗುಜ್ಜೆ ಹಂಚಲು ಸೇರಿದ ಸಭೆಯಲ್ಲೇ ಮನವಿಯನ್ನು ಪರಿಶೀಲಿಸಲಾಯಿತು.

ಮಹತಿಯ ತಂದೆ, ರಾಕೆಟ್ ವಿಜ್ಞಾನಿ ಶ್ರೀ ಸುದರ್ಶನ ಅವರು ಮಗಳ ಓದುವ ಮೇಜಿನೆದುರು ಕೆಂಪು ಅಂಕಿಗಳ ಗಡಿಯಾರ ತೂಗುಹಾಕಿ, ಪರೀಕ್ಷೆಗೆ ಉಳಿದ ದಿನ, ಗಂಟೆ, ನಿಮಿಷ, ಸೆಕೆಂಡುಗಳನ್ನು ಇಳಿಕೆ ಕ್ರಮದಲ್ಲಿ ತೋರಿಸುತ್ತಿರುವುದು ಕಂಡುಬಂದಿದೆ. ಪರಿಣಾಮವಾಗಿ, ಮಾದರಿ ಪರೀಕ್ಷೆಯಲ್ಲಿ ಮೇಲ್ವಿಚಾರಕಿ ಇನ್ನು ಹತ್ತು ನಿಮಿಷ ಎಂದ ಕೂಡಲೇ ಬಾಲಕಿ ಬರೆಯುವುದನ್ನು ಬಿಟ್ಟು ಸೆಕೆಂಡುಗಳನ್ನು ಎಣಿಸತೊಡಗಿದ್ದರಿಂದ, ಗೊತ್ತಿದ್ದ ಮೂರು ಉತ್ತರಗಳು ಹಾಳೆಗೆ ಇಳಿಯಲಿಲ್ಲ. ಅಂತಿಮ ಪರೀಕ್ಷೆಯಲ್ಲೂ ಹೀಗೇ ಆದೀತೆಂದು ಆಕೆ ಹೆದರಿದ್ದಾಳೆ. ಆದಕಾರಣ ಸರ್ವರೂ ಈ ಕೆಳಗಿನಂತೆ ನಡೆದುಕೊಳ್ಳತಕ್ಕದ್ದು:

1. ಸದರಿ ಗಡಿಯಾರವನ್ನು ಇಂದೇ ಇಳಿಸುವುದು. ಗುಜ್ಜೆ ಇಳಿಸಿದ ಏಣಿ ಲಭ್ಯವಿದೆ.

2. ಪರೀಕ್ಷೆಗೆ ಎಷ್ಟು ದಿನ ಉಳಿದಿದೆಯೆಂದು ಯಾರೂ ಹೇಳತಕ್ಕದ್ದಲ್ಲ. ಕ್ಯಾಲೆಂಡರುಗಳನ್ನು ಗೋಡೆಗೆ ಮುಖಮಾಡಿ ತೂಗುಹಾಕುವುದು. ಗ್ಯಾಸ್ ಸಿಲಿಂಡರ್ ಬುಕ್ ಮಾಡುವವರು ಮಾತ್ರ ಇಣುಕಿ ನೋಡಬಹುದು.

3. ಉಡಾವಣೆಯ ವೇಳೆ ಏನಾದರೂ ಸರಿಯಿಲ್ಲವೆಂದು ಕಂಡರೆ “ಹೋಲ್ಡ್” ಎಂದು ಎಣಿಕೆ ನಿಲ್ಲಿಸುವುದುಂಟೆಂದು ಶ್ರೀ ಸುದರ್ಶನ ಅವರೇ ಸಭೆಗೆ ವಿವರಿಸಿದರು. ಆ ಅಧಿಕಾರವನ್ನು ಈ ಮೂಲಕ ಮಗಳಿಗೂ ವಿಸ್ತರಿಸಲಾಗಿದೆ. ಹೋಲ್ಡ್ ಅವಧಿಯಲ್ಲಿ ಮಲಗಬಹುದು, ಸುಮ್ಮನೆ ಕಿಟಕಿಯಾಚೆ ನೋಡಬಹುದು.

4. “ಸಿ-2ರ ಪ್ರಥಮ್‌ನ ನೋಡು, ಐದಕ್ಕೇ ಏಳ್ತಾನೆ” ಎಂಬ ವಾಕ್ಯವನ್ನು ನಿಷೇಧಿಸಲಾಗಿದೆ. ಏಳುವುದು ನಿಜ; ಆದರೆ ಎದ್ದು, ಫ್ರಿಜ್ ತೆರೆದು, ಪುನಃ ಮಲಗುತ್ತಾನೆಂದು ಆತನ ತಾಯಿ ಶ್ರೀಮತಿ ವಿಜಯಶ್ರೀ ಲಿಖಿತ ಹೇಳಿಕೆ ನೀಡಿದ್ದಾರೆ.

5. “ಟೆನ್ಶನ್ ಮಾಡ್ಕೋಬೇಡ” ಎಂಬುದನ್ನು ಕಿರುಚಿ ಹೇಳತಕ್ಕದ್ದಲ್ಲ. ಮಗು ಮಲಯಾಳದಲ್ಲಿ “ಮದಿ ಅಚ್ಛಾ”, ಅಂದರೆ ಸಾಕು ಅಪ್ಪಾ, ಎಂದರೆ, “ಮನೇಲಿ ಕನ್ನಡದಲ್ಲಿ ಹೇಳು” ಎಂದು ಜಾರಿಕೊಳ್ಳುವಂತಿಲ್ಲ. ಯಾವ ಭಾಷೆಯಲ್ಲಿ ಸಾಕೆಂದರೂ ಸಾಕುಮಾಡುವುದು.

6. “ಅವಳನ್ನೂ ರಾಕೆಟ್ ಅಂದ್ಕೊಂಡ್‌ಬಿಟ್ಟೆ ಕಣ್ರೀ” ಎಂದು ಶ್ರೀ ಸುದರ್ಶನ ಅವರು ಹನ್ನೊಂದು ಮಂದಿ ಸದಸ್ಯರ ಮುಂದೆ ತಪ್ಪೊಪ್ಪಿಕೊಂಡಿದ್ದು ದಾಖಲಾಗಿದೆ. ಹನ್ನೊಂದು ಮಂದಿಯಲ್ಲಿ ಮಗಳು ಇರಲಿಲ್ಲ.

(ಸಹಿ)
ದಿನಕರ
ಕಾರ್ಯದರ್ಶಿ

ಪ್ರತಿಗಳು:
ಲಿಫ್ಟಿನ ಬಾಗಿಲು: ಅಂಟಿಸಲು.
ಕುಮಾರಿ ಮಹತಿ: ಮಾಹಿತಿಗಾಗಿ. ಓದಲೇಬೇಕೆಂದಿಲ್ಲ.
ಶ್ರೀ ಸುದರ್ಶನ: ಮಗಳಲ್ಲಿ ಕೇಳಬೇಕಾದ ಕ್ಷಮೆ ಇನ್ನೂ ಬಾಕಿ ಇದೆ. ಪಕ್ಕದ ಕೋಣೆಯಿಂದ ಆಕೆಯ ವಾಟ್ಸಾಪ್‌ಗೆ ಕಳುಹಿಸಿರುವ ಕೈಮುಗಿದ ಚಿತ್ರವನ್ನು ಪರಿಗಣಿಸಲಾಗುವುದಿಲ್ಲ.